ಮನೆ ಗಾಲಿಯ ಮೇಲೆ, ಕಡತ ಒಂದೇ ಊರಿನಲ್ಲಿ

ಅರಿಜೋನಾ ರಾಜ್ಯದ ಕ್ವಾರ್ಟ್ಜ್‌ಸೈಟ್ ಬೇಸಿಗೆಯಲ್ಲಿ ಬಿಕೋ ಎನ್ನುವ ಪುಟ್ಟ ಊರು. ಚಳಿಗಾಲ ಬಂತೆಂದರೆ ಅದರ ಸುತ್ತಲಿನ ಮರುಭೂಮಿಯಲ್ಲಿ ಕಣ್ಣು ಹಾಯಿಸಿದಷ್ಟು ದೂರ ಮೋಟರ್‌ಹೋಮ್‌ಗಳು, ಟ್ರೇಲರ್‌ಗಳು. ಅಮೆರಿಕನ್ನರು ಇವನ್ನೆಲ್ಲ ಒಟ್ಟಾಗಿ ಆರ್‌ವಿ ಎನ್ನುತ್ತಾರೆ. ಅಲ್ಲಿ ಸರ್ಕಾರಿ ಜಮೀನಿನಲ್ಲಿ ಶುಲ್ಕ ಕಟ್ಟಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ತಳವೂರಬಹುದು. ಉತ್ತರದ ಹಿಮಕ್ಕೆ ಬೆನ್ನು ಹಾಕಿ ಬಂದ ನಿವೃತ್ತರೇ ಹೆಚ್ಚು. ಅವರಲ್ಲಿ ಮನೆ ಮಾರಿ, ಸಾಮಾನು ಹಂಚಿ, ವರ್ಷವಿಡೀ ಗಾಡಿಯಲ್ಲೇ ಬದುಕುವವರಿದ್ದಾರೆ. ಮಾಜಿ ಸೈನಿಕರೂ ಇದ್ದಾರೆ. ಹತ್ತಿರದ ದೊಡ್ಡ ವಿಎ ಆಸ್ಪತ್ರೆ ಇರುವುದು ಫೀನಿಕ್ಸ್‌ನಲ್ಲಿ, ಸುಮಾರು ಎರಡು ಗಂಟೆಯ ದಾರಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಯುದ್ಧದಲ್ಲಿ ಕೆಟ್ಟ ಮಂಡಿ, ಗುಂಡಿನ ಸದ್ದಿಗೆ ಮಂದವಾದ ಕಿವಿ ಎಲ್ಲವೂ ಗಾಡಿಯ ಜೊತೆಗೇ ಊರೂರು ಸುತ್ತುತ್ತವೆ. ಇಂಥವರಿಗೆ ಚಿಕಿತ್ಸೆಯ ಹಕ್ಕು ಎಲ್ಲಿ, ಹೇಗೆ ಸಿಗುತ್ತದೆ?

ವಿಎ ಎಂದರೆ ಅಮೆರಿಕದ ಮಾಜಿ ಸೈನಿಕರ ವ್ಯವಹಾರಗಳ ಇಲಾಖೆ. ಅದರ ಆಸ್ಪತ್ರೆಗಳು ಸರ್ಕಾರದವೇ, ವೈದ್ಯರು ಸರ್ಕಾರಿ ನೌಕರರೇ. ಇಪ್ಪತ್ತು ವರ್ಷ ಸೇವೆ ಮುಗಿಸಿ ಪಿಂಚಣಿ ಪಡೆದವರಿಗೆ ಇರುವ ಟ್ರೈಕೇರ್ ವಿಮೆಯೇ ಬೇರೆ, ಅದಕ್ಕೂ ಇದಕ್ಕೂ ಗಂಟು ಹಾಕಬಾರದು. ಕೆಲವೇ ವರ್ಷ ಸೇವೆ ಮಾಡಿ ಹೊರಬಂದವರಿಗೂ, ಅಗೌರವದ ಬಿಡುಗಡೆ ಆಗಿಲ್ಲವಾದರೆ, ವಿಎ ಬಾಗಿಲು ತೆರೆದಿರುತ್ತದೆ. 1980ರ ಸೆಪ್ಟೆಂಬರ್ ನಂತರ ಸೇರಿದವರು ಸಾಮಾನ್ಯವಾಗಿ 24 ತಿಂಗಳ ನಿರಂತರ ಸೇವೆ ಮಾಡಿರಬೇಕು, ಇದಕ್ಕೆ ವಿನಾಯಿತಿಗಳೂ ಇವೆ. ಅಲ್ಲಿ ನೆಲೆಸಿದ ಕನ್ನಡಿಗರ ಮನೆಯಲ್ಲಿ ಅಳಿಯನೋ ಸೊಸೆಯೋ ಬೀಗರೋ ಆ ಸೇನೆಯಲ್ಲಿ ದುಡಿದವರಿದ್ದರೆ ಈ ಮುಂದಿನದು ನೇರವಾಗಿ ಅವರಿಗೇ ಸಂಬಂಧಿಸಿದ್ದು.

1996ರ ಅರ್ಹತಾ ಸುಧಾರಣಾ ಕಾಯ್ದೆಯ ನಂತರ ವಿಎ ನೋಂದಣಿ ಇಡೀ ದೇಶಕ್ಕೆ ಒಂದೇ. 10-10ಇಝಡ್ ನಮೂನೆ ತುಂಬಿ, ಡಿಡಿ-214 ಎಂಬ ಬಿಡುಗಡೆ ಪತ್ರ ಲಗತ್ತಿಸಿ, ಒಮ್ಮೆ ಹೆಸರು ಸೇರಿದರೆ ಆಯಿತು. ಫೋನಿನಲ್ಲಿ ಸೇರುವವರಿಗೆ 877-222-8387. ಅರ್ಜಿದಾರರನ್ನು 1ರಿಂದ 8ರವರೆಗಿನ ಆದ್ಯತಾ ಗುಂಪುಗಳಲ್ಲಿ ಹಾಕುತ್ತಾರೆ. ಸೇವೆಯಿಂದಾದ ಅಂಗವೈಕಲ್ಯ ಶೇ 50 ಅಥವಾ ಹೆಚ್ಚಿದ್ದರೆ ಮೊದಲ ಗುಂಪು. ಮೈನ್ ರಾಜ್ಯದಲ್ಲಿ ಹೆಸರು ಬರೆಸಿದವರನ್ನು ಟೆಕ್ಸಾಸ್‌ನ ವಿಎ ಆಸ್ಪತ್ರೆ ‘ನೀವು ನಮ್ಮವರಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ.

ಆದರೆ ಹಕ್ಕು ದೇಶದ್ದಾದರೂ ಕಡತ ಒಂದು ಊರಿನದು. ಪ್ರತಿಯೊಬ್ಬರಿಗೂ ಒಂದೇ ಪ್ರಾಥಮಿಕ ಚಿಕಿತ್ಸಾ ತಂಡವನ್ನು ಗೊತ್ತುಮಾಡುತ್ತಾರೆ. ವಿಶೇಷ ಕಾರಣವಿಲ್ಲದೆ ಇನ್ನೊಂದೂರಿನಲ್ಲಿ ಎರಡನೇ ತಂಡ ಸಿಗುವುದಿಲ್ಲ. ಇಬ್ಬರು ವೈದ್ಯರು ಒಂದೇ ಕಾಯಿಲೆಗೆ ಎರಡು ಬಗೆಯ ಮಾತ್ರೆ ಬರೆದುಕೊಟ್ಟರೆ ಅಪಾಯ ರೋಗಿಗೇ ಆದ್ದರಿಂದ ಈ ನಿಯಮದಲ್ಲಿ ಅರ್ಥವಿದೆ. ಅಲೆಮಾರಿ ಬದುಕಿಗೆ ಮಾತ್ರ ಇದು ಸರಿಹೊಂದುವುದು ಕಷ್ಟ. ಅದಕ್ಕೆಂದೇ ವಿಎ ಆಸ್ಪತ್ರೆಗಳಲ್ಲಿ ಪ್ರಯಾಣಿಕ ಸೈನಿಕರ ಸಂಯೋಜಕರು ಇರುತ್ತಾರೆ; ಅಲ್ಲಿನವರು ಟ್ರಾವೆಲಿಂಗ್ ವೆಟರನ್ ಕೋಆರ್ಡಿನೇಟರ್ ಎನ್ನುತ್ತಾರೆ. ಹೊರಡುವ ನಾಲ್ಕರಿಂದ ಆರು ವಾರ ಮೊದಲೇ ನಿಮ್ಮ ತಂಡಕ್ಕೆ ತಿಳಿಸಿ: ಯಾವ ತಾರೀಕಿನಿಂದ ಎಲ್ಲಿರುತ್ತೀರಿ, ಅಲ್ಲಿನ ವಿಳಾಸವೇನು, ಫೋನ್ ಯಾವುದು, ಅಲ್ಲಿ ಏನು ಬೇಕು. ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ ಆಗಾಗ ರಕ್ತಪರೀಕ್ಷೆ ಬೇಕು, ಕೆಲವರಿಗೆ ತಿಂಗಳಿಗೊಂದು ಇಂಜೆಕ್ಷನ್ ಬೇಕು, ಗಾಯಕ್ಕೆ ಕಟ್ಟು ಬದಲಿಸಬೇಕು. ಇಂಥವನ್ನು ನಿಮ್ಮೂರಿನ ಸಂಯೋಜಕರು ಹೋಗುವ ಊರಿನ ಸಂಯೋಜಕರಿಗೆ ದಾಟಿಸುತ್ತಾರೆ. ಹೇಳದೆ ಹೋಗಿ ಕೌಂಟರಿನ ಮುಂದೆ ನಿಂತರೆ ನಿಮ್ಮ ಹೆಸರು ಕಂಪ್ಯೂಟರಿನಲ್ಲಿ ಸಿಗಬಹುದು, ಅಪಾಯಿಂಟ್‌ಮೆಂಟ್ ಸಿಗುವುದು ಅನುಮಾನ.

ಇನ್ನು ವಿಳಾಸದ ವಿಚಾರ. ನನ್ನ ಮಟ್ಟಿಗೆ ಗಾಡಿವಾಸಿಗಳು ಎಲ್ಲಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಕಾದದ್ದು ಇದಕ್ಕೇ.

2018ರ ಜೂನ್ 6ರಂದು ಸಹಿ ಬಿದ್ದು, ಸರಿಯಾಗಿ ಒಂದು ವರ್ಷದ ನಂತರ ಜಾರಿಯಾದ ಮಿಷನ್ ಕಾಯ್ದೆ ಖಾಸಗಿ ವೈದ್ಯರ ಬಾಗಿಲನ್ನೂ ತೆರೆಯಿತು. ವಿಎ ಚಿಕಿತ್ಸಾಲಯ ದೂರವಿದ್ದರೆ ಅಥವಾ ಕಾಯಬೇಕಾದ ದಿನಗಳು ಹೆಚ್ಚಾದರೆ ಸರ್ಕಾರದ ಖರ್ಚಿನಲ್ಲೇ ಖಾಸಗಿ ವೈದ್ಯರಲ್ಲಿಗೆ ಹೋಗಬಹುದು. ಅಳತೆ ಹೀಗಿದೆ: ಪ್ರಾಥಮಿಕ ಮತ್ತು ಮಾನಸಿಕ ಚಿಕಿತ್ಸೆಗೆ ಕಾರಿನಲ್ಲಿ ಸರಾಸರಿ 30 ನಿಮಿಷ ಅಥವಾ 20 ದಿನದ ಕಾಯುವಿಕೆ, ತಜ್ಞರ ಚಿಕಿತ್ಸೆಗೆ 60 ನಿಮಿಷ ಅಥವಾ 28 ದಿನ. ಇದನ್ನು ಮೀರಿದರೆ ನೀವು ಅರ್ಹರು. ಆದರೆ ಮೊದಲು ವಿಎ ಅನುಮತಿ ಕೊಡಬೇಕು, ಆಮೇಲೆ ಅಪಾಯಿಂಟ್‌ಮೆಂಟ್. ತಿರುಗುಮುರುಗಾದರೆ ಬಿಲ್ಲು ನಿಮ್ಮ ತಲೆಗೆ.

ಆ 30 ನಿಮಿಷವನ್ನು ಎಲ್ಲಿಂದ ಅಳೆಯುವುದು? ಮನೆಯಿಂದ. ಮನೆಯೇ ಇಲ್ಲದವರಿಗೆ? ವರ್ಷವಿಡೀ ಗಾಡಿಯಲ್ಲಿರುವವರಲ್ಲಿ ಹಲವರು ಟೆಕ್ಸಾಸ್‌ನ ಲಿವಿಂಗ್‌ಸ್ಟನ್, ಸೌತ್ ಡಕೋಟಾದ ಸೂ ಫಾಲ್ಸ್‌ನಂಥ ಊರುಗಳಲ್ಲಿ ಟಪಾಲು ಮುಂದೆ ಕಳಿಸುವ ಸಂಸ್ಥೆಯೊಂದರಲ್ಲಿ ಪೆಟ್ಟಿಗೆ ಹಿಡಿದು, ಅದನ್ನೇ ಖಾಯಂ ವಿಳಾಸ ಮಾಡಿಕೊಂಡಿರುತ್ತಾರೆ. ಟೆಕ್ಸಾಸ್, ಸೌತ್ ಡಕೋಟಾ, ಫ್ಲೋರಿಡಾಗಳಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಎನ್ನುವುದೂ ಅದಕ್ಕೊಂದು ಕಾರಣ. ವಿಎ ಕಂಪ್ಯೂಟರ್ ಆ ಪೆಟ್ಟಿಗೆಯಿಂದಲೇ ದೂರ ಅಳೆದು, ‘ನಿಮಗೆ ಹತ್ತಿರದಲ್ಲೇ ವಿಎ ಇದೆಯಲ್ಲ’ ಎಂದುಬಿಟ್ಟರೆ ಅರಿಜೋನಾದಲ್ಲಿ ಕೂತವರು ಏನು ಮಾಡಬೇಕು?

ಕೇಂದ್ರ ನಿಯಮಾವಳಿಯ 38ನೇ ಶೀರ್ಷಿಕೆಯ 17.4005ನೇ ನಿಯಮ ಇದಕ್ಕೆ ಉತ್ತರ ಕೊಡುತ್ತದೆ. ಅದರ ಸಾರ ಇಷ್ಟು. ವಾಸಸ್ಥಳ ಋತುಮಾನದ್ದಾದರೂ ವಾಸಸ್ಥಳವೇ. ಒಬ್ಬರಿಗೆ ಹಲವು ವಾಸಸ್ಥಳಗಳಿರಬಹುದು, ಆದರೆ ಒಂದು ಹೊತ್ತಿಗೆ ಒಂದೇ. ವರ್ಷದಲ್ಲಿ ಹಲವು ಕಡೆ ಇರುವವರಾದರೆ, ಚಿಕಿತ್ಸೆ ಬೇಕಾದಾಗ ಎಲ್ಲಿ ತಂಗಿದ್ದಾರೋ ಅದೇ ವಾಸಸ್ಥಳ. ಅಂಚೆ ಪೆಟ್ಟಿಗೆ ಅಥವಾ ಬರೀ ಟಪಾಲು ತಲುಪಿಸುವ ಜಾಗ ವಾಸಸ್ಥಳ ಅಲ್ಲವೇ ಅಲ್ಲ. ಗಾಡಿವಾಸಿಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಂತಿದೆ, ಆದರೂ ಇದನ್ನು ಓದಿಕೊಂಡವರು ಕಡಿಮೆ. ವಿಎ ಖಾತೆಯಲ್ಲಿ ಟಪಾಲು ವಿಳಾಸಕ್ಕೂ ಮನೆ ವಿಳಾಸಕ್ಕೂ ಬೇರೆಬೇರೆ ಖಾನೆಗಳಿವೆ. ಪೆಟ್ಟಿಗೆಯ ವಿಳಾಸ ಮೊದಲನೆಯದರಲ್ಲಿ ಇರಲಿ. ಎರಡನೆಯದನ್ನು ಗಾಡಿ ನಿಲ್ಲಿಸಿದ ಜಾಗಕ್ಕೆ ತಕ್ಕಂತೆ ಬದಲಿಸುತ್ತಿರಿ, ಕ್ಯಾಂಪ್‌ಗ್ರೌಂಡಿನ ರಸೀದಿ ಜೋಪಾನವಾಗಿಡಿ. ಗುಮಾಸ್ತರು ಒಪ್ಪದಿದ್ದರೆ ನಿಯಮದ ಸಂಖ್ಯೆ ಹೇಳಿ, ವಿಎ ಆಸ್ಪತ್ರೆಯ ರೋಗಿ ಪರ ವಕಾಲತ್ತು ಅಧಿಕಾರಿಯನ್ನು ಕಾಣಿ.

ದೂರವೇ ತೊಂದರೆಯಾದಾಗ ಫೋನಿನ ಪರದೆಯೂ ಕೆಲಸಕ್ಕೆ ಬರುತ್ತದೆ. ಅಮೆರಿಕದಲ್ಲಿ ವೈದ್ಯರ ಪರವಾನಗಿ ರಾಜ್ಯಕ್ಕೊಂದು. ಖಾಸಗಿ ವೈದ್ಯರು ಬೇರೆ ರಾಜ್ಯದಲ್ಲಿರುವ ರೋಗಿಯನ್ನು ವಿಡಿಯೊದಲ್ಲಿ ನೋಡಲು ತೊಡಕುಗಳಿವೆ. ವಿಎ ವೈದ್ಯರಿಗೆ ಆ ಗಡಿಯನ್ನು 2018ರಲ್ಲಿ ಕಾನೂನೇ ಅಳಿಸಿಹಾಕಿದೆ. ವೈದ್ಯರು ಒಹಾಯೊದಲ್ಲಿರಲಿ, ನೀವು ಯೂಟಾದ ಕಣಿವೆಯಲ್ಲಿರಿ, ನಿಮ್ಮನ್ನು ವರ್ಷಗಳಿಂದ ಬಲ್ಲ ಅದೇ ವೈದ್ಯರು ನೋಡಬಹುದು. ಔಷಧಿಯೂ ಬಹುಪಾಲು ಅಂಚೆಯಲ್ಲೇ ಬರುತ್ತದೆ. ಮಾತ್ರೆ ಮುಗಿಯುವ ಎರಡು ವಾರ ಮೊದಲೇ ಕೇಳಿಕೊಳ್ಳಿ, ತಾತ್ಕಾಲಿಕ ವಿಳಾಸ ನಮೂದಿಸಿ, ಕ್ಯಾಂಪ್‌ಗ್ರೌಂಡಿನವರು ಟಪಾಲು ತೆಗೆದುಕೊಳ್ಳುತ್ತಾರೋ ಇಲ್ಲವೋ ಮುಂಚೆಯೇ ವಿಚಾರಿಸಿ. ನಿದ್ದೆ, ನೋವಿನ ನಿಯಂತ್ರಿತ ಮಾತ್ರೆಗಳಿಗೆ ಕಟ್ಟುಪಾಡು ಹೆಚ್ಚು, ಅವನ್ನು ಹೊರಡುವ ಮೊದಲೇ ವೈದ್ಯರೊಂದಿಗೆ ಮಾತಾಡಿ ತೀರ್ಮಾನಿಸಬೇಕು.

ಈಗ ತುರ್ತು ಚಿಕಿತ್ಸೆ. ಕ್ವಾರ್ಟ್ಜ್‌ಸೈಟ್‌ನಲ್ಲಿ ಒಂದು ರಾತ್ರಿ ಮಾಜಿ ಸೈನಿಕರೊಬ್ಬರಿಗೆ ಎದೆನೋವು ಬಂತು ಎಂದಿಟ್ಟುಕೊಳ್ಳೋಣ. ಹೆಂಡತಿ 911ಕ್ಕೆ ಫೋನ್ ಮಾಡುತ್ತಾರೆ, ಆಂಬುಲೆನ್ಸ್ ಹತ್ತಿರದ ಖಾಸಗಿ ಆಸ್ಪತ್ರೆಗೆ ಒಯ್ಯುತ್ತದೆ. ಇಲ್ಲಿಯವರೆಗೆ ಯಾರ ಅನುಮತಿಯೂ ಬೇಡ. ವಿಎಗೆ ಮೊದಲು ಕೇಳಬೇಕೇನೋ ಎಂದು ಆ ಹೊತ್ತಿನಲ್ಲಿ ಗೊಂದಲಕ್ಕೆ ಬೀಳುವುದೇ ಅಪಾಯ. ಗಡಿಯಾರ ಶುರುವಾಗುವುದು ಆಸ್ಪತ್ರೆಯಲ್ಲಿ ಚಿಕಿತ್ಸೆ ಆರಂಭವಾದ ಗಳಿಗೆಯಿಂದ: 72 ಗಂಟೆಯೊಳಗೆ ವಿಎಗೆ ಸುದ್ದಿ ಮುಟ್ಟಬೇಕು. ಆಸ್ಪತ್ರೆಯವರು ತಿಳಿಸಬಹುದು, ರೋಗಿಯೇ ತಿಳಿಸಬಹುದು, ಹೆಂಡತಿಯೂ ತಿಳಿಸಬಹುದು. ಸಂಖ್ಯೆ 844-724-7842, ಆನ್‌ಲೈನ್ ಪೋರ್ಟಲ್ ಕೂಡ ಇದೆ. ರೋಗಿಯ ಪೂರ್ಣ ಹೆಸರು, ಹುಟ್ಟಿದ ದಿನ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಆಸ್ಪತ್ರೆಯ ಹೆಸರು ಮತ್ತು ವಿಳಾಸ, ಸೇರಿದ ದಿನ, ಏನು ತೊಂದರೆ ಎಂಬ ವಿವರಗಳು ಕೈಯಲ್ಲಿರಲಿ. ‘ಆಸ್ಪತ್ರೆಯವರು ತಿಳಿಸಿರುತ್ತಾರೆ ಬಿಡಿ’ ಎಂದು ಕೂರಬೇಡಿ. ಬಿಲ್ಲಿಂಗ್ ಕಿಟಕಿಯಲ್ಲಿ ನೀವು ಮೆಡಿಕೇರ್ ಕಾರ್ಡನ್ನಷ್ಟೇ (ಮುಖ್ಯವಾಗಿ 65 ತುಂಬಿದವರಿಗಿರುವ ಸರ್ಕಾರಿ ವಿಮೆ) ತೋರಿಸಿದರೆ ವಿಎ ಸುದ್ದಿಯೇ ಅವರಿಗೆ ಗೊತ್ತಿರುವುದಿಲ್ಲ. ವಿಎ ಗುರುತಿನ ಚೀಟಿಯನ್ನು ಮೊದಲ ದಿನವೇ ಕೊಟ್ಟು, ಫೋನ್ ನೀವೇ ಮಾಡಿ, ಯಾರ ಜೊತೆ ಯಾವ ಹೊತ್ತಿಗೆ ಮಾತಾಡಿದಿರಿ ಎಂದು ಬರೆದಿಟ್ಟುಕೊಳ್ಳಿ.

ಭಾರತದ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ನಮ್ಮ ಇಸಿಎಚ್‌ಎಸ್‌ನಲ್ಲೂ ಇಂಥದ್ದೇ ಒಂದು ಗಡುವಿದೆ. ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ತುರ್ತಾಗಿ ಸೇರಿದರೆ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಕೊಡಗಿನ ಸೈನಿಕ ಮನೆಗಳಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ.

ಸುದ್ದಿ ಹೊತ್ತಿಗೆ ಮುಟ್ಟಿ, ಆಸ್ಪತ್ರೆಯು ವಿಎ ಒಪ್ಪಂದ ಮಾಡಿಕೊಂಡ ಖಾಸಗಿ ಆಸ್ಪತ್ರೆಗಳ ಜಾಲದಲ್ಲಿದ್ದು, ಅರ್ಹತೆಯೂ ಇದ್ದರೆ ಅದು ಅನುಮತಿ ಪಡೆದ ಚಿಕಿತ್ಸೆಯಾಗುತ್ತದೆ. ಆ ಅರ್ಹತೆಯಲ್ಲೇ ಅಲೆಮಾರಿಗಳು ಎಡವುವುದು. ಹೆಸರು ನೋಂದಾಯಿಸಿದ್ದರೆ ಸಾಲದು, ಸಾಮಾನ್ಯವಾಗಿ ಹಿಂದಿನ 24 ತಿಂಗಳಲ್ಲಿ ಒಮ್ಮೆಯಾದರೂ ವಿಎ ಮೂಲಕ ಚಿಕಿತ್ಸೆ ಪಡೆದಿರಬೇಕು. ಗಟ್ಟಿಮುಟ್ಟಾಗಿದ್ದೇನೆ, ವೈದ್ಯರೇಕೆ ಎಂದು ಮೂರು ವರ್ಷ ಸುತ್ತಿದವರಿಗೆ ನಾಲ್ಕನೇ ವರ್ಷ ಎದೆನೋವು ಬಂದಾಗ ಈ ಸಾಲು ಕಣ್ಣಿಗೆ ಬೀಳುತ್ತದೆ. ವರ್ಷಕ್ಕೊಂದು ಸಾಮಾನ್ಯ ತಪಾಸಣೆ ಮಾಡಿಸಿಕೊಂಡರೆ ಈ ಬಾಗಿಲು ಮುಚ್ಚುವುದಿಲ್ಲ.

72 ಗಂಟೆ ತಪ್ಪಿಹೋದರೂ ಎಲ್ಲ ಮುಗಿದಂತಲ್ಲ. ಸೇವೆಯಿಂದಾದ ಕಾಯಿಲೆಗೆ ಪಡೆದ ತುರ್ತು ಚಿಕಿತ್ಸೆಯಾದರೆ ಎರಡು ವರ್ಷದೊಳಗೆ ಮರುಪಾವತಿ ಕೇಳಬಹುದು. ಬೇರೆ ಕಾಯಿಲೆಗಾದರೆ ಸಾಮಾನ್ಯವಾಗಿ ಆಸ್ಪತ್ರೆಯಿಂದ ಬಿಡುಗಡೆಯಾದ 90 ದಿನದೊಳಗೆ, ಜೊತೆಗೆ ಹತ್ತಿರದಲ್ಲಿ ವಿಎ ಸೌಲಭ್ಯ ಇರಲಿಲ್ಲ, ಸಾಮಾನ್ಯ ತಿಳಿವಳಿಕೆಯ ಯಾರಾದರೂ ಅದನ್ನು ತುರ್ತು ಎಂದೇ ಭಾವಿಸುತ್ತಿದ್ದರು ಎಂದು ತೋರಿಸಬೇಕು. ಮೆಡಿಕೇರ್ ಒಂದಿಷ್ಟು ಕೊಟ್ಟಿದೆ ಎಂಬ ಒಂದೇ ಕಾರಣಕ್ಕೆ ಉಳಿದದ್ದನ್ನು ವಿಎ ತಳ್ಳಿಹಾಕುವ ಪದ್ಧತಿ ಹಿಂದೆ ಇತ್ತು. 2016ರಲ್ಲಿ ಸ್ಟಾಬ್ ಪ್ರಕರಣದಲ್ಲಿ ಮಾಜಿ ಸೈನಿಕರ ಮೇಲ್ಮನವಿ ನ್ಯಾಯಾಲಯ ಅದು ಕಾಯ್ದೆಗೆ ವಿರುದ್ಧ ಎಂದಿತು. ವಿಮೆಯವರು ರೋಗಿಯ ಪಾಲಿಗೆ ಬಿಟ್ಟ ಕೋ-ಪೇ ಮೊತ್ತ ಮಾತ್ರ ಇವತ್ತಿಗೂ ವಾಪಸ್ ಬರುವುದಿಲ್ಲ.

ಜ್ವರ, ಗಂಟಲು ನೋವು, ಉಳುಕಿನಂಥದ್ದಕ್ಕೆ ಅರ್ಜೆಂಟ್ ಕೇರ್ ಸಾಕು. ಅಲ್ಲೂ 24 ತಿಂಗಳ ಷರತ್ತಿದೆ. ವಿಎ ಜಾಲದ ಚಿಕಿತ್ಸಾಲಯಕ್ಕೇ ಹೋಗಿ, ಒಳಹೊಕ್ಕ ಕೂಡಲೇ ವಿಎ ಸೌಲಭ್ಯದಡಿ ಬಂದಿದ್ದೇನೆ ಎಂದು ಹೇಳಬೇಕು. 1ರಿಂದ 5ನೇ ಗುಂಪಿನವರಿಗೆ ವರ್ಷದ ಮೊದಲ ಮೂರು ಭೇಟಿ ಉಚಿತ, ನಾಲ್ಕನೆಯದರಿಂದ 30 ಡಾಲರ್. 7 ಮತ್ತು 8ನೇ ಗುಂಪಿಗೆ ಮೊದಲ ಭೇಟಿಯಿಂದಲೇ 30 ಡಾಲರ್.

ಬದುಕೇ ಬೇಡ ಎನಿಸುವ ಗಳಿಗೆಗೆ ಈ ಯಾವ ಷರತ್ತೂ ಅಡ್ಡ ಬರುವುದಿಲ್ಲ. 2023ರ ಜನವರಿ 17ರಿಂದ ಆತ್ಮಹತ್ಯೆಯ ಅಪಾಯದಲ್ಲಿರುವ ಅರ್ಹ ಮಾಜಿ ಸೈನಿಕರು, ವಿಎಯಲ್ಲಿ ಹೆಸರೇ ಬರೆಸಿಲ್ಲದಿದ್ದರೂ, ಯಾವ ಆಸ್ಪತ್ರೆಗಾದರೂ ಹೋಗಬಹುದು. 30 ದಿನದವರೆಗಿನ ಒಳರೋಗಿ ಚಿಕಿತ್ಸೆ, 90 ದಿನದವರೆಗಿನ ಹೊರರೋಗಿ ಚಿಕಿತ್ಸೆಯ ಖರ್ಚು ಸರ್ಕಾರದ್ದು. ಹಗಲಿರಲಿ ರಾತ್ರಿಯಿರಲಿ, 988 ಒತ್ತಿ ನಂತರ 1 ಒತ್ತಿದರೆ ಮಾತಾಡಲು ಒಬ್ಬರು ಸಿಗುತ್ತಾರೆ.

ಚಳಿಗಾಲದಲ್ಲಿ ಯೂಮಾ ಕಡೆ ಗಾಡಿ ನಿಲ್ಲಿಸುವವರು ಗಡಿ ದಾಟಿ ಮೆಕ್ಸಿಕೊದ ಲಾಸ್ ಆಲ್ಗೊಡೊನೆಸ್‌ಗೆ ಹಲ್ಲು ಕಟ್ಟಿಸಿಕೊಳ್ಳಲು ಹೋಗುವುದುಂಟು. ಹಲ್ಲಿನ ಚಿಕಿತ್ಸೆಯನ್ನು ವಿಎ ಎಲ್ಲರಿಗೂ ಕೊಡುವುದಿಲ್ಲವಾದ್ದರಿಂದ ಅದು ಸಹಜವೇ. ಆದರೆ ವಿದೇಶದಲ್ಲಿ ವಿಎ ಹಣ ಕೊಡುವುದು ಸೇವೆಯಿಂದಾದ ಕಾಯಿಲೆಗಳಿಗೆ ಮಾತ್ರ. ಗಡಿಯಾಚೆ ಎದೆನೋವು ಬಂದರೆ ಖರ್ಚು ಜೇಬಿನಿಂದಲೇ.

65 ತುಂಬಿದವರು ಇನ್ನೊಂದನ್ನು ಗಮನಿಸಬೇಕು. ವಿಎ ಇದೆಯಲ್ಲ ಎಂದು ಮೆಡಿಕೇರ್‌ನಲ್ಲಿ ವೈದ್ಯರ ಭೇಟಿ, ಹೊರರೋಗಿ ಚಿಕಿತ್ಸೆಗಿರುವ ಬಿ ಭಾಗವನ್ನು ಬಿಟ್ಟು, ಆಮೇಲೆ ಬೇಕೆನಿಸಿ ಸೇರಿದರೆ, ತಡವಾದ ಪ್ರತಿ 12 ತಿಂಗಳಿಗೆ ಕಂತಿನ ಮೇಲೆ ಶೇ 10ರಷ್ಟು ದಂಡ ಜೀವನಪರ್ಯಂತ ಬೀಳುತ್ತದೆ. ಔಷಧಿಯ ಡಿ ಭಾಗಕ್ಕೆ ಮಾತ್ರ ವಿಎ ಸೌಲಭ್ಯವನ್ನೇ ಸಾಕೆಂದು ಒಪ್ಪುತ್ತಾರೆ. ಸದಾ ಊರು ಬದಲಿಸುವವರು ಬಿ ಭಾಗವನ್ನು ಇಟ್ಟುಕೊಳ್ಳುವುದೇ ಜಾಣತನ ಎನ್ನುವುದು ನನ್ನ ಅಭಿಪ್ರಾಯ. ವಿಎ ದೂರವಿದ್ದಾಗ ಕೈಯಲ್ಲಿ ಉಳಿಯುವುದು ಅದೊಂದೇ.

ಕೊನೆಗೆ ನಿರಾಕರಣೆಯ ಪತ್ರ. ಬಿಲ್ಲು ಕಟ್ಟುವುದಿಲ್ಲ ಎಂದು ವಿಎ ಬರೆದರೆ ಒಂದು ವರ್ಷದೊಳಗೆ ಮೂರು ದಾರಿಗಳಲ್ಲಿ ಒಂದನ್ನು ಹಿಡಿಯಬಹುದು. ಹೊಸ ಪುರಾವೆಯೊಂದಿಗೆ ಪೂರಕ ಕ್ಲೇಮ್ ಹಾಕಬಹುದು, ಹಿರಿಯ ಅಧಿಕಾರಿಯಿಂದ ಮರುಪರಿಶೀಲನೆ ಕೇಳಬಹುದು ಅಥವಾ ಮೇಲ್ಮನವಿ ಮಂಡಳಿಗೆ ಹೋಗಬಹುದು. ವರ್ಷದ ಲೆಕ್ಕ ಶುರುವಾಗುವುದು ಪತ್ರದ ಮೇಲಿನ ತಾರೀಕಿನಿಂದ, ನೀವು ಅದನ್ನು ಒಡೆದು ಓದಿದ ದಿನದಿಂದಲ್ಲ. ಪತ್ರ ಲಿವಿಂಗ್‌ಸ್ಟನ್ನಿನ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಕೂತರೆ ಆ ವಾರಗಳು ನಿಮ್ಮ ಲೆಕ್ಕದಲ್ಲೇ ಕಳೆಯುತ್ತವೆ. ಟಪಾಲು ಸಂಸ್ಥೆಗೆ ವಿಎ ಲಕೋಟೆ ಬಂದ ದಿನವೇ ಸ್ಕ್ಯಾನ್ ಮಾಡಿ ಕಳಿಸಲು ಹೇಳಿಡಿ. ಅರ್ಜಿ ಬರೆಯಲು ವಕೀಲರೇ ಬೇಕೆಂದಿಲ್ಲ. ಅಮೆರಿಕನ್ ಲೀಜನ್, ಡಿಎವಿ, ವಿಎಫ್‌ಡಬ್ಲ್ಯೂನಂಥ ಮಾಜಿ ಸೈನಿಕರ ಸಂಘಗಳ ಮಾನ್ಯತೆ ಪಡೆದ ಪ್ರತಿನಿಧಿಗಳು ಹಣ ಕೇಳದೆ ಬರೆದುಕೊಡುತ್ತಾರೆ. ಹಲವು ಕೌಂಟಿಗಳಲ್ಲಿ ಇದೇ ಕೆಲಸಕ್ಕೆ ಸರ್ಕಾರಿ ಅಧಿಕಾರಿಯೂ ಇರುತ್ತಾರೆ.