ಲೀಟರಿಗೆ ಎಷ್ಟು ಗುಂಟೆ?

ಬೈಕು ಕೊಳ್ಳುವಾಗ ನಾವೆಲ್ಲ ಮೊದಲು ಕೇಳುವುದು ಮೈಲೇಜ್ ಎಷ್ಟು ಕೊಡುತ್ತದೆ ಎಂದು. ಹುಲ್ಲು ಕತ್ತರಿಸುವ ಪೆಟ್ರೋಲ್ ಯಂತ್ರ ಕೊಳ್ಳುವಾಗ ಮಾತ್ರ ಈ ಪ್ರಶ್ನೆ ಬಾಯಿಗೇ ಬರುವುದಿಲ್ಲ. ಎಷ್ಟು ಸಿಸಿ, ಎಷ್ಟು ಎಚ್‌ಪಿ ಎಂದು ಅಂಗಡಿಯವರು ಹೇಳುತ್ತಾರೆ, ನಾವು ತಲೆಯಾಡಿಸಿ ದುಡ್ಡು ಕೊಟ್ಟು ತರುತ್ತೇವೆ. ಇಂದಿರಾನಗರದ ಡಿಫೆನ್ಸ್ ಕಾಲೊನಿಯ ಹಳೆಯ ಮನೆಯಂಗಳ, ದೂರವಾಣಿನಗರದ ಕಡೆಯ ಕಾರ್ಖಾನೆ ವಸತಿಗಳ ಬಯಲು, ಕೆ.ಆರ್. ಪುರದ ಹೊಸ ಅಪಾರ್ಟ್‌ಮೆಂಟುಗಳ ನಡುವಿನ ಹಸಿರು, ಹೀಗೆ ಯಾವುದೋ ಒಂದು ಹುಲ್ಲುಹಾಸಿನ ಹೊಣೆ ಈಗಷ್ಟೇ ಹೊತ್ತವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಂಜಿನ್ ಬಗ್ಗೆ ಏನೂ ತಿಳಿಯದಿದ್ದರೂ ಅಡ್ಡಿಯಿಲ್ಲ.

ಬೆಂಗಳೂರಿನಲ್ಲಿ ಹುಲ್ಲುಹಾಸಿನ ಗೀಳು ಹಬ್ಬಿದ್ದು ದಂಡಿನಿಂದಲೇ. ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೇನೆಯನ್ನು ಇಲ್ಲಿಗೆ ತಂದು ಹಲಸೂರಿನ ಪಕ್ಕದಲ್ಲಿ ದಂಡು ಕಟ್ಟಿದ್ದು 1809ರಲ್ಲಿ. ಆಗ ಹುಲ್ಲು ಕತ್ತರಿಸುವ ಯಂತ್ರವೆಂಬುದೇ ಇರಲಿಲ್ಲ. ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಅದಕ್ಕೆ ಪೇಟೆಂಟ್ ಪಡೆದದ್ದು 1830ರಲ್ಲಿ. ರ‍್ಯಾನ್ಸಮ್ಸ್ ಕಂಪನಿ ಪೆಟ್ರೋಲ್ ಯಂತ್ರವನ್ನು ಮಾರುಕಟ್ಟೆಗೆ ತಂದದ್ದು 1902ರಲ್ಲಿ. ಅಲ್ಲಿಯವರೆಗೆ ಹೆಚ್ಚಾಗಿ ಕುಡುಗೋಲು, ದನ, ಕುದುರೆ, ಕೈಯಿಂದ ತಳ್ಳುವ ಯಂತ್ರಗಳದೇ ಕೆಲಸ.

ಈಗ ಅಳತೆಗೆ ಬರೋಣ. ಈ ಯಂತ್ರ ದೂರ ಹೋಗುವುದಲ್ಲ, ಆದ್ದರಿಂದ ಕಿಲೋಮೀಟರ್ ಲೆಕ್ಕ ಬೇಡ. ತಯಾರಕರು ಗಂಟೆಗೆ ಎಷ್ಟು ಲೀಟರ್ ಎಂದು ಕೊಡುತ್ತಾರೆ, ಅದೂ ಅರ್ಧ ಮಾತು. ಗಂಟೆಗೆ ಅರ್ಧ ಲೀಟರ್ ಕುಡಿಯುವ ಯಂತ್ರ ಗಂಟೆಯಲ್ಲಿ ಎರಡೇ ಗುಂಟೆ ಕತ್ತರಿಸಿದರೆ, ಲೀಟರ್ ಕುಡಿದು ಹತ್ತು ಗುಂಟೆ ಮುಗಿಸುವುದೇ ಮಿತವ್ಯಯಿ. ನಾವು ಕೇಳಬೇಕಾದದ್ದು ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ಗುಂಟೆ ಎಂದು. ಗುಂಟೆ ಎಂದರೆ 1089 ಚದರಡಿ, ನಲವತ್ತು ಗುಂಟೆಗೆ ಒಂದು ಎಕರೆ. ನಗರದವರಿಗೆ ಸೈಟಿನ ಲೆಕ್ಕ ಸುಲಭವಾದರೆ, 40×60 ಸೈಟು ಎರಡು ಗುಂಟೆಗಿಂತ ತುಸು ಹೆಚ್ಚು.

ಒಂದು ಅಂದಾಜು ಹಾಕೋಣ. ತಳ್ಳುವ ಯಂತ್ರದ ಬ್ಲೇಡು ಸುಮಾರು 19 ಇಂಚು, ಅಂದರೆ 48 ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸುತ್ತದೆ ಎನ್ನಿ. ನೀವು ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ನಡೆದರೆ ಲೆಕ್ಕದಲ್ಲಿ 1920 ಚದರ ಮೀಟರ್ ಆಗಬೇಕು. ಆದರೆ ಪ್ರತಿ ಸಾಲನ್ನೂ ಹಿಂದಿನ ಸಾಲಿನ ಮೇಲೆ ಸ್ವಲ್ಪ ಹತ್ತಿಸಬೇಕು, ತುದಿಗೆ ಹೋದಾಗ ತಿರುಗಿಸಬೇಕು, ಮರದ ಬುಡ ಸುತ್ತಬೇಕು. ಕಾಲು ಭಾಗಕ್ಕಿಂತ ಹೆಚ್ಚು ಅದಕ್ಕೇ ಹೋಗುತ್ತದೆ. ಉಳಿದದ್ದು 1400 ಚದರ ಮೀಟರಿನ ಆಸುಪಾಸು, ಅಂದರೆ ಹದಿನಾಲ್ಕು ಗುಂಟೆ. ಇಂಥ ಯಂತ್ರದ 160 ಸಿಸಿ ಎಂಜಿನ್ ಗಂಟೆಗೆ ಲೀಟರಿನ ಹತ್ತಿರ ಹತ್ತಿರ ಕುಡಿಯುತ್ತದೆ. ಹಾಗಾಗಿ ಹದ ತಪ್ಪದ ಹುಲ್ಲಿನಲ್ಲಿ ಲೀಟರಿಗೆ ಹನ್ನೆರಡರಿಂದ ಹದಿನಾಲ್ಕು ಗುಂಟೆ ನಿರೀಕ್ಷಿಸಬಹುದು.

ನಿಮ್ಮ ಯಂತ್ರ ಎಷ್ಟು ಕೊಡುತ್ತದೆ ಎಂದು ತಿಳಿಯಲು ಟೇಪು ಮತ್ತು ಒಂದು ಅಳತೆಯ ಜಾರ್ ಸಾಕು. ಟ್ಯಾಂಕಿನಲ್ಲಿ ಗುರುತು ಮಾಡಿದ ಮಟ್ಟಕ್ಕೆ ಪೆಟ್ರೋಲ್ ತುಂಬಿ, ಅಳೆದಿಟ್ಟ ಜಾಗ ಕತ್ತರಿಸಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಅದೇ ಗುರುತಿಗೆ ಬರುವವರೆಗೆ ಜಾರಿನಿಂದ ಸುರಿಯಿರಿ. ಬಿಸಿ ಎಂಜಿನ್ ಮೇಲೆ ಎಂದೂ ಪೆಟ್ರೋಲ್ ಸುರಿಯಬೇಡಿ. ಜಾಗವನ್ನು ಸುರಿದ ಲೀಟರಿನಿಂದ ಭಾಗಿಸಿದರೆ ಉತ್ತರ ಸಿಕ್ಕಿತು. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಅಳೆದರೆ ಎರಡರ ನಡುವಿನ ಅಂತರ ನಿಮಗೆ ಬಹಳ ಕಲಿಸುತ್ತದೆ.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು ಒಂಬತ್ತು ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿಯಿದೆ. ಸಣ್ಣ ಎಂಜಿನ್ ಅದರಲ್ಲಿ ಬ್ಲೇಡಿಗೆ ತಲುಪಿಸುವುದು ಹೆಚ್ಚೆಂದರೆ ಕಾಲುಭಾಗ. ಉಳಿದದ್ದು ಸೈಲೆನ್ಸರಿನ ಹೊಗೆಯಲ್ಲಿ, ಬಿಸಿಯಲ್ಲಿ ಹೋಗುತ್ತದೆ. ಈ ನಷ್ಟ ಎಂಜಿನ್ನಿನ ಜಾತಿಯ ಮೇಲೂ ನಿಂತಿದೆ. ಹೆಗಲಿಗೆ ನೇತುಹಾಕಿಕೊಳ್ಳುವ ಬ್ರಷ್ ಕಟರುಗಳಲ್ಲಿ ಟೂ ಸ್ಟ್ರೋಕ್, ಫೋರ್ ಸ್ಟ್ರೋಕ್ ಎಂಬ ಎರಡು ಜಾತಿಯಿದೆ. ಟೂ ಸ್ಟ್ರೋಕಿನಲ್ಲಿ ಹೊಸ ಪೆಟ್ರೋಲ್ ಒಳಬರುವ ಹೊತ್ತಿಗೆ ಹೊಗೆ ಹೋಗುವ ಬಾಗಿಲೂ ತೆರೆದೇ ಇರುತ್ತದೆ, ಕಾಲುಭಾಗದವರೆಗೂ ಪೆಟ್ರೋಲ್ ಉರಿಯದೆ ಹೊರಬೀಳಬಹುದು. ಜೊತೆಗೆ ಪೆಟ್ರೋಲಿಗೆ ಬೆರೆಸಿದ ಆಯಿಲ್ ಉರಿದು ಬರುವ ನೀಲಿ ಹೊಗೆ ಮೈಸೂರಿನ ಯೆಜ್ಡಿ ಬೈಕು ಓಡಿಸಿದವರಿಗೆ ಪರಿಚಿತ. ಫೋರ್ ಸ್ಟ್ರೋಕಿನಲ್ಲಿ ಈ ನಷ್ಟವಿಲ್ಲ, ಪೆಟ್ರೋಲಿಗೆ ಆಯಿಲ್ ಬೆರೆಸುವ ಗೊಡವೆಯೂ ಇಲ್ಲ. ಹಲಸೂರು ಕೆರೆಯ ದಂಡೆಯಂಥ ಏರುತಗ್ಗಿನ, ಪೊದೆಯಿರುವ ಜಾಗಕ್ಕೆ ಬ್ರಷ್ ಕಟರ್ ಬೇಕೇ ಬೇಕು. ಆದರೆ ಸಮತಟ್ಟಾದ ಹುಲ್ಲುಹಾಸನ್ನು ಅದರಲ್ಲಿ ಕತ್ತರಿಸುವುದು ದುಂದು.

ಇಷ್ಟಾದರೂ ಎಂಜಿನ್ನಿಗಿಂತ ಹೆಚ್ಚು ಪೆಟ್ರೋಲ್ ಉಳಿಸುವುದು ಬ್ಲೇಡು ಮತ್ತು ಹುಲ್ಲಿನ ಎತ್ತರ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಹೊಸಬರು ಹೊಸ ಯಂತ್ರಕ್ಕೆ ದುಡ್ಡು ಸುರಿಯುತ್ತಾರೆ, ಬ್ಲೇಡನ್ನು ಮಾತ್ರ ವರ್ಷಗಟ್ಟಲೆ ತಿರುಗಿ ನೋಡುವುದಿಲ್ಲ. ಮೊಂಡು ಬ್ಲೇಡು ಹುಲ್ಲನ್ನು ಕತ್ತರಿಸುವುದಿಲ್ಲ, ಮೊಂಡು ಈಳಿಗೆಯಲ್ಲಿ ದಂಟು ಹೆಚ್ಚಿದ ಹಾಗೆ ಜಜ್ಜಿ ಹರಿಯುತ್ತದೆ. ಹರಿದ ತುದಿ ಎರಡು ದಿನದಲ್ಲಿ ಬೆಳ್ಳಗೆ ಒಣಗಿ, ಇಡೀ ಹಾಸು ಬೂದು ಬಣ್ಣಕ್ಕೆ ತಿರುಗಿ ಕಾಣುತ್ತದೆ. ಆ ಬೂದುಬಣ್ಣ ಕಂಡಿತೆಂದರೆ ಪೆಟ್ರೋಲೂ ಪೋಲಾಗುತ್ತಿದೆ ಎಂದು ತಿಳಿಯಿರಿ. ಸ್ಪಾರ್ಕ್ ಪ್ಲಗ್ಗಿನ ವಯರ್ ಕಿತ್ತಿಟ್ಟ ಮೇಲೆಯೇ ಬ್ಲೇಡು ಬಿಚ್ಚಿ. ಸಾಣೆ ಹಿಡಿಸುವಾಗ ಎರಡೂ ತುದಿಯ ತೂಕ ಸಮ ಇರಲಿ. ನಡುವಿನ ತೂತನ್ನು ಒಂದು ಮೊಳೆಗೆ ಸಿಕ್ಕಿಸಿ ನೋಡಿದರೆ ಯಾವ ಕಡೆ ವಾಲುತ್ತದೆಂದು ತಿಳಿಯುತ್ತದೆ. ವಾಲುವ ಬ್ಲೇಡು ಯಂತ್ರವನ್ನು ನಡುಗಿಸಿ ಬೇರಿಂಗ್ ತಿನ್ನುತ್ತದೆ.

ಎತ್ತರದ ನಿಯಮ ಸರಳ: ಒಂದು ಸಲಕ್ಕೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಮೂರು ಇಂಚು ಬೆಳೆದ ಗರಿಕೆಯನ್ನು ಎರಡಕ್ಕೆ ಇಳಿಸಿ, ಆರಿಂಚು ಬೆಳೆಯುವವರೆಗೆ ಕಾಯಬೇಡಿ. ಜೂನಿನಿಂದ ಅಕ್ಟೋಬರಿನವರೆಗೆ ಇಲ್ಲಿ ಹುಲ್ಲು ರಾತ್ರಿ ಬೆಳಗಾಗುವುದರಲ್ಲಿ ಏಳುತ್ತದೆ. ತಿಂಗಳಿಗೊಮ್ಮೆ ಕತ್ತರಿಸಿ ಉಳಿಸಿದೆವೆಂದುಕೊಳ್ಳುವವರು ಎತ್ತರದ ಹುಲ್ಲಿಗೆ ಎರಡೆರಡು ಸಲ ಯಂತ್ರ ಹಾಯಿಸಿ ಉಳಿಸಿದ್ದನ್ನೆಲ್ಲ ಕಳೆದುಕೊಳ್ಳುತ್ತಾರೆ. ಮಳೆ ನಿಂತ ಕೂಡಲೇ ಕತ್ತರಿಸುವುದೂ ಬೇಡ. ಒದ್ದೆ ಹುಲ್ಲು ಯಂತ್ರದ ಕೆಳಗೆ ಅಂಟಿ ಗಟ್ಟಿಯಾಗಿ, ಬ್ಲೇಡು ಅದನ್ನೇ ಉಜ್ಜುತ್ತ ತಿರುಗುತ್ತದೆ.

ನಮ್ಮ ಊರಿಗೇ ಸೇರಿದ ಸಂಗತಿ ಇನ್ನೊಂದಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಇಲ್ಲಿ ಗಾಳಿ ತೆಳು. ಪ್ರತಿ 300 ಮೀಟರಿಗೆ ಎಂಜಿನ್ನಿನ ಬಲ ಶೇಕಡ 3.5ರಷ್ಟು ಇಳಿಯುತ್ತದೆ ಎಂಬುದು ತಯಾರಕರ ಲೆಕ್ಕ. ಹಾಗಾದರೆ ಪೆಟ್ಟಿಗೆಯ ಮೇಲೆ ಬರೆದ ಎಚ್‌ಪಿಯಲ್ಲಿ ಹತ್ತನೆಯ ಒಂದು ಪಾಲು ನಮಗೆ ಸಿಗುವುದೇ ಇಲ್ಲ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿಗೆ ಗಾಳಿ ತೆಳುವಾದದ್ದು ಗೊತ್ತಾಗುವುದಿಲ್ಲ, ತೆಳುಗಾಳಿಗೂ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಪೆಟ್ರೋಲ್ ಬಿಡುತ್ತದೆ. ಅದರ ಮೇಲೆ ಏರ್ ಫಿಲ್ಟರಿಗೆ ಧೂಳು ಮೆತ್ತಿಕೊಂಡರೆ ಉಸಿರು ಇನ್ನಷ್ಟು ಕಟ್ಟುತ್ತದೆ. ಮೆಟ್ರೊ, ರಸ್ತೆ, ಕಟ್ಟಡಗಳ ಕೆಲಸ ನಿಲ್ಲದ ಕೆ.ಆರ್. ಪುರದ ಕಡೆಯವರು ಕೈಪಿಡಿ ಹೇಳಿದ್ದಕ್ಕಿಂತ ಬೇಗ ಬೇಗ ಫಿಲ್ಟರ್ ಶುಚಿ ಮಾಡಬೇಕು. ಬೆಳಗಿನ ಚಳಿಯಲ್ಲಿ ಎಂಜಿನ್ ಹೊತ್ತಿಸಲು ಎಳೆದ, ಗಾಳಿ ತಡೆಯುವ ಚೋಕನ್ನು ಎಂಜಿನ್ ಬೆಚ್ಚಗಾದ ಕೂಡಲೇ ಒಳಗೆ ತಳ್ಳಿ. ಪ್ಲಗ್ಗಿನ ತುದಿ ಕಂದುಬಣ್ಣಕ್ಕಿದ್ದರೆ ಉರಿ ಸರಿಯಾಗಿದೆ, ಮಸಿಯಾಗಿದ್ದರೆ ಫಿಲ್ಟರೋ ಚೋಕೋ ನೋಡಿ.

ಪೆಟ್ರೋಲೂ ಬದಲಾಗಿದೆ. ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು 2023ರ ಫೆಬ್ರುವರಿ 6ರಂದು, ಇದೇ ಬೆಂಗಳೂರಿನಲ್ಲಿ. ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೆಯ ಒಂದರಷ್ಟು ಶಕ್ತಿ ಕಡಿಮೆ. ಆದ್ದರಿಂದ ಈ ಮಿಶ್ರಣದ ಲೀಟರಿನಲ್ಲಿ ಶೇಕಡ ಆರೇಳರಷ್ಟು ಶಕ್ತಿ ಖೋತಾ. ಎಥನಾಲಿನೊಳಗೇ ಆಮ್ಲಜನಕ ಇರುವುದರಿಂದ ತೆಳುಗಾಳಿಯ ತೊಂದರೆ ಸ್ವಲ್ಪ ಸರಿದೂಗುತ್ತದೆ, ಅದು ಸಮಾಧಾನದ ಮಾತು. ಆದರೆ ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸುತ್ತದೆ. ಶೇಕಡ 10ಕ್ಕಿಂತ ಹೆಚ್ಚು ಎಥನಾಲ್ ಬೇಡವೆನ್ನುವ ಕೈಪಿಡಿಗಳೇ ಹೆಚ್ಚು, ನಿಮ್ಮದರಲ್ಲಿ ಏನಿದೆ ಓದಿಕೊಳ್ಳಿ. ಕ್ಯಾನಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಇಡಬೇಡಿ. ಬೇಸಿಗೆಯಲ್ಲಿ ಯಂತ್ರ ಮೂಲೆಗೆ ಸೇರುವ ಮುಂಚೆ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬ್ಯುರೇಟರನ್ನೂ ಒಣಗಿಸಿ.

ಕೊನೆಗೆ, ಎಲ್ಲರಿಗೂ ಪೆಟ್ರೋಲ್ ಯಂತ್ರ ಬೇಕೇ? 40×60 ಸೈಟಿನಲ್ಲಿ ಮನೆ ಕಟ್ಟಿ ಉಳಿದ ಜಾಗದಲ್ಲಿ ಹುಲ್ಲು ಬೆಳೆಸಿದವರಿಗೆ ಬೇಡವೆಂದೇ ನನ್ನ ಖಚಿತ ಅಭಿಪ್ರಾಯ. ಅಷ್ಟು ಜಾಗಕ್ಕೆ ಒಂದೂವರೆ ಕಿಲೋವ್ಯಾಟಿನ ವಿದ್ಯುತ್ ಯಂತ್ರ ಅರ್ಧ ಗಂಟೆ ಓಡಿದರೂ ಒಂದು ಯೂನಿಟ್ ದಾಟುವುದಿಲ್ಲ. ಲೀಟರಿಗೆ ನೂರು ರೂಪಾಯಿ ದಾಟಿದ ಪೆಟ್ರೋಲಿನ ಮುಂದೆ ಅದು ಚಿಲ್ಲರೆ ಖರ್ಚು, ಪಕ್ಕದ ಮನೆಗೆ ಸದ್ದಿನ ಕಾಟವೂ ಕಡಿಮೆ. ವಯರ್ ಮುಟ್ಟದಷ್ಟು ದೂರ ಹರಡಿದ ಅರ್ಧ ಎಕರೆ, ಎಕರೆಯ ಹಾಸಿಗೆ ಮಾತ್ರ ಪೆಟ್ರೋಲ್ ಎಂಜಿನ್ ತರಿಸಿ. ತರಿಸುವಾಗ ಬ್ಲೇಡಿನ ಅಗಲವನ್ನು ಮೊದಲು ಕೇಳಿ, ಎಚ್‌ಪಿಯನ್ನು ಆಮೇಲೆ.