ಹಳದಿ ದೀಪಕ್ಕೆ ಎಷ್ಟು ದುಡ್ಡು?

"ಸಾರ್, ಸೆನ್ಸರ್ ಹೋಗಿದೆ, ಹೊಸದು ಹಾಕ್ಬಿಡೋಣ."

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡ ಕಾರನ್ನು ವರ್ಕ್‌ಶಾಪಿಗೆ ಒಯ್ದವರು ಈ ಮಾತು ಕೇಳದೆ ಬರುವುದು ಅಪರೂಪ. ಈ ಅಂಕಣಕಾರನಿಗೂ ಅದೇ ಮಾತು ಸಿಕ್ಕಿತು, ಜೊತೆಗೆ ಐದು ಸಾವಿರ ಚಿಲ್ಲರೆಯ ಎಸ್ಟಿಮೇಟ್. ಅದರಲ್ಲಿ ಸೆನ್ಸರಿನ ಬೆಲೆ ಅರ್ಧಕ್ಕೂ ಕಡಿಮೆ. ಮಿಕ್ಕಿದ್ದು ಸ್ಕ್ಯಾನಿಂಗ್, ಕೂಲೆಂಟ್, ಲೇಬರ್, ಮೇಲೆ ಜಿಎಸ್‌ಟಿ. ಯೋಚಿಸಿ ಹೇಳ್ತೀನಿ ಎಂದು ಆತ ಕಾರನ್ನು ಬೆಂಗಳೂರಿನ ತನ್ನ ಮನೆಗೇ ತಂದು ನಿಲ್ಲಿಸಿದ.

ಸ್ಟಿಯರಿಂಗಿನ ಕೆಳಗೆ, ಮೊಣಕಾಲಿನ ಹತ್ತಿರ 16 ಪಿನ್ನಿನ ಸಾಕೆಟ್ ಇರುತ್ತದೆ. ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಹೇಳುವ ಒಬಿಡಿ-2 ವ್ಯವಸ್ಥೆಯ ಸಾಕೆಟ್ ಅದು. ಅಮೆರಿಕದಲ್ಲಿ 1996ರಿಂದ ಕಡ್ಡಾಯವಾದ ಈ ವ್ಯವಸ್ಥೆ ನಮ್ಮಲ್ಲಿ 2013ರಿಂದ ಕಡ್ಡಾಯವಾಗಿದೆ. ಕೆಲವು ನೂರು ರೂಪಾಯಿಯ ಬ್ಲೂಟೂತ್ ಅಡಾಪ್ಟರನ್ನು ಆ ಸಾಕೆಟ್ಟಿಗೆ ಸಿಕ್ಕಿಸಿ, ಫೋನಿನಲ್ಲಿ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಆ್ಯಪ್ ತೆರೆದರೆ ಕಾರು ತನ್ನ ದೂರನ್ನು ತಾನೇ ಹೇಳುತ್ತದೆ.

ಈ ಕಾರು ಹೇಳಿದ ಕೋಡ್ ಪಿ0118. ಕೂಲೆಂಟ್ ತಾಪಮಾನದ ಸೆನ್ಸರ್ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಹೆಚ್ಚು ಎಂದರ್ಥ. ಸರ್ಕ್ಯೂಟ್ ಎಂದರೆ ಸೆನ್ಸರ್ ಒಂದೇ ಅಲ್ಲ. ವೈರು, ಕನೆಕ್ಟರ್ ಎಲ್ಲ ಸೇರಿದ್ದು. ನಲ್ಲಿಯಲ್ಲಿ ನೀರು ಬರದಿದ್ದರೆ ಯಾರೂ ಮೊದಲು ನಲ್ಲಿ ಬದಲಿಸುವುದಿಲ್ಲ. ಕಾರಿನ ವಿಷಯದಲ್ಲಿ ಮಾತ್ರ ಅದನ್ನೇ ಮಾಡಿ ಬಿಲ್ ಕಟ್ಟುತ್ತೇವೆ.

ಲೈವ್ ಡೇಟಾ ತೆರೆದರೆ ಇನ್ನೂ ತಮಾಷೆ. ರಾತ್ರಿಯೆಲ್ಲ ನಿಂತಿದ್ದ ಕಾರು. ಒಳಬರುವ ಗಾಳಿ 24 ಡಿಗ್ರಿ, ಕೂಲೆಂಟ್ ಮೈನಸ್ 40! ಬೆಂಗಳೂರಿನ ಯಾವ ಚಳಿಗಾಲದಲ್ಲೂ ಇದು ಸಾಧ್ಯವಿಲ್ಲ. ಈ ಸೆನ್ಸರ್ ತಣ್ಣಗಿದ್ದಷ್ಟೂ ಹೆಚ್ಚು ರೆಸಿಸ್ಟೆನ್ಸ್ ತೋರಿಸುತ್ತದೆ. ವೈರು ಎಲ್ಲಾದರೂ ಕಡಿದಿದ್ದರೆ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಅದನ್ನು ಮೈನಸ್ 40 ಎಂದೇ ಓದಿಕೊಳ್ಳುತ್ತದೆ. ಎಂಜಿನ್ನಿನ ಬಿಸಿ ಗೊತ್ತಾಗದ ಇಸಿಯು ಸುರಕ್ಷತೆಗೆಂದು ರೇಡಿಯೇಟರ್ ಫ್ಯಾನನ್ನು ಬಿಡುವಿಲ್ಲದೆ ತಿರುಗಿಸುತ್ತಿತ್ತು. ಮೈಲೇಜೂ ಇಳಿದಿತ್ತು.

ಎಂಜಿನ್ ತಣ್ಣಗಿರುವಾಗಲೇ ಕನೆಕ್ಟರ್ ಬಿಚ್ಚಿ ಸೆನ್ಸರಿನ ಎರಡು ಪಿನ್ನಿಗೆ ಅಂಕಣಕಾರ ಮಲ್ಟಿಮೀಟರ್ ಹಿಡಿದ. ಸಾಮಾನ್ಯವಾಗಿ 20 ಡಿಗ್ರಿ ಆಸುಪಾಸಿನಲ್ಲಿ ಎರಡರಿಂದ ಮೂರು ಸಾವಿರ ಓಮ್, 80 ಡಿಗ್ರಿಯಲ್ಲಿ ಮುನ್ನೂರರ ಸುತ್ತಮುತ್ತ ಬರಬೇಕು. ಬಂದದ್ದು ಎರಡು ಸಾವಿರದ ಮೇಲೆ. ಸೆನ್ಸರ್ ಗಟ್ಟಿಯಾಗಿಯೇ ಇತ್ತು. ಆಮೇಲೆ ಕನೆಕ್ಟರಿನ ಎರಡು ತುದಿಗಳನ್ನು ಸಣ್ಣ ತಂತಿಯಿಂದ ಜೋಡಿಸಿ ನೋಡಿದ (ಎರಡು ಪಿನ್ನಿನ ತಾಪಮಾನ ಸೆನ್ಸರಿಗೆ ಮಾತ್ರ ಈ ಪರೀಕ್ಷೆ). ವೈರು ಸರಿಯಿದ್ದರೆ ಅಂಕಿ ನೂರು ಡಿಗ್ರಿ ದಾಟಿ ಹಾರಬೇಕಿತ್ತು. ಮೈನಸ್ 40 ಕದಲಲಿಲ್ಲ.

ವೈರಿನ ಜಾಡು ಹಿಡಿದು ಹೋದರೆ ಬ್ಯಾಟರಿ ಟ್ರೇ ಹಿಂದೆ ಇಲಿ ಹಿಕ್ಕೆ, ಪಕ್ಕದಲ್ಲೇ ಹಲ್ಲಿನ ಗುರುತಿನೊಂದಿಗೆ ಇಣುಕುವ ತಾಮ್ರ. ಬೀದಿ ಕೊನೆಯ ಆಟೊ ಎಲೆಕ್ಟ್ರಿಷಿಯನ್ ಬೆಸುಗೆ ಹಾಕಿ, ಮೇಲೆ ಸ್ಲೀವ್ ತೊಡಿಸಿ ಮುನ್ನೂರು ರೂಪಾಯಿ ತೆಗೆದುಕೊಂಡ. ಎಸ್ಟಿಮೇಟಿಗೆ ಹೂಂ ಅಂದಿದ್ದರೆ ಕಡಿದ ವೈರಿಗೇ ಹೊಸ ಸೆನ್ಸರ್ ಕೂರುತ್ತಿತ್ತು, ದೀಪ ಉರಿಯುತ್ತಲೇ ಇರುತ್ತಿತ್ತು.

ಬೇರೆ ಕೋಡ್‌ಗಳಲ್ಲೂ ಇದೇ ಕಥೆ. ಪಿ0135 ಬಂದರೆ ಆಕ್ಸಿಜನ್ ಸೆನ್ಸರಿಗೆ ಸಾವಿರಾರು ರೂಪಾಯಿ ಸುರಿಯುವ ಮುಂಚೆ ಅದರ ಹೀಟರಿನ ಫ್ಯೂಸ್ ನೋಡಬೇಕು. ಫ್ಯೂಸಿಗೆ ಹತ್ತಿಪ್ಪತ್ತು ರೂಪಾಯಿ. ಪಿ0420 ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂಬ ಗುಮಾನಿ, ಆದರೆ ಸೈಲೆನ್ಸರ್ ಪೈಪಿನ ಸೋರಿಕೆಯಿಂದಲೂ ಅದು ಬರಬಹುದು. ಸೆನ್ಸರೇ ಹೋಗಿದೆ ಎಂದು ಖಾತ್ರಿಯಾದರೆ ಪಾರ್ಟ್ ನಂಬರ್ ಬರೆದುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಬೆಲೆ ವಿಚಾರಿಸಬಹುದು.

ಇಲ್ಲಿ ದುಡ್ಡು ಉಳಿಸಲು ಹೋಗಬಾರದ ಜಾಗಗಳೂ ಇವೆ. ಎಂಜಿನ್ ದೀಪ ಮಿಣುಕುತ್ತಿದ್ದರೆ ಮಿಸ್‌ಫೈರ್ ಆಗುತ್ತಿದೆ ಎಂದರ್ಥ. ಓಡಿಸುತ್ತ ಹೋದರೆ ಕನ್ವರ್ಟರೇ ಸುಟ್ಟುಹೋಗಬಹುದು. ಕೆಂಪು ಆಯಿಲ್ ದೀಪವೋ ಟೆಂಪರೇಚರ್ ದೀಪವೋ ಹೊತ್ತಿದರೆ ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಬೇಕು. ಏರ್‌ಬ್ಯಾಗಿನ ವೈರಿಗೆ ಮಲ್ಟಿಮೀಟರ್ ಹಿಡಿಯಲೇಬಾರದು. ಆ್ಯಪಿನಲ್ಲಿ 'ಕ್ಲಿಯರ್' ಒತ್ತುವ ಚಪಲವೂ ಬೇಡ: ದೋಷ ಬಂದ ಗಳಿಗೆಯ ವೇಗ, ತಾಪಮಾನಗಳ ದಾಖಲೆ ಅಳಿಸಿಹೋಗಿ ಮೆಕ್ಯಾನಿಕ್ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ, ಅದಕ್ಕೂ ಲೇಬರ್ ಬೀಳುತ್ತದೆ. ಕಾರು ವಾರಂಟಿಯಲ್ಲಿದ್ದರೆ ಕೋಡ್ ಓದಿ, ಸ್ಕ್ರೀನ್‌ಶಾಟ್ ತೆಗೆದುಕೊಂಡು ಡೀಲರ್ ಬಳಿಗೇ ಹೋಗುವುದು ಲಾಭ. ಹೊರಗಿನವರು ವೈರು ಮುಟ್ಟಿದ್ದು ಕಂಡರೆ ಕ್ಲೇಮ್ ನಿರಾಕರಿಸಲು ಅದೇ ನೆಪವಾಗಬಹುದು.