ಕಟ್ಟಡದ ನಿಯಮವೂ ಗಣಕಯಂತ್ರದ ಲೆಕ್ಕವೂ

ಹೊಸ ಮನೆಯನ್ನು ಕಟ್ಟುವವನು ಮಾಳಿಗೆಯ ಸುತ್ತಲೂ ತಡೆಗೋಡೆಯನ್ನು ಕಟ್ಟಿಸಬೇಕೆಂತಲೂ, ಅಲ್ಲಿಂದ ಯಾರಾದರೂ ಬಿದ್ದು ಸತ್ತರೆ ಆ ದೋಷವು ಮನೆಯವರಿಗೆ ತಟ್ಟುವುದೆಂತಲೂ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ವಿಧಿಸಲ್ಪಟ್ಟಿದೆ. ಕಟ್ಟುವವನು ತಾನು ಕಾಣದ ಜನರ ಪ್ರಾಣಕ್ಕೂ ಹೊಣೆಗಾರನೆಂಬುದೇ ಕಟ್ಟಡದ ನಿಯಮಗಳೆಲ್ಲದರ ಸಾರವು. ಈ ಕಾಲದಲ್ಲಿ ಹೆಣ್ಣುಮಕ್ಕಳೂ ಎಂಜಿನಿಯರಿಂಗ್ ವಿದ್ಯೆಯನ್ನು ಕಲಿಯುತ್ತಿರುವರು. ತಂದೆತಾಯಿಗಳೋ ಮನೆ ಕಟ್ಟಿಸುವವರು. ಆದಕಾರಣ ನಿಯಮವೂ ಯಂತ್ರವೂ ಇದ್ದಾಗ್ಯೂ ತಪ್ಪು ಹೇಗೆ ನುಸುಳುವುದೆಂಬುದನ್ನು ಎಲ್ಲರೂ ತಿಳಿಯತಕ್ಕದ್ದು.

ಮೊದಲು ನಿಯಮವನ್ನು ವಿಚಾರಿಸೋಣ. ನಮ್ಮ ದೇಶದಲ್ಲಿ ಕಾಂಕ್ರೀಟು ಕಟ್ಟಡಗಳಿಗೆ ಐ.ಎಸ್. 456 ಎಂಬ ನಿಯಮಾವಳಿ ಉಂಟು. 1978ರ ಪರಿಷ್ಕರಣದಲ್ಲಿ ಅದರೊಳಗೆ ಹೊಸ ಲೆಕ್ಕದ ಕ್ರಮವೊಂದು ಸೇರಿತು. 2000ದಲ್ಲಿ ಅದು ಪುನಃ ಪರಿಷ್ಕೃತವಾಯಿತು. ಒಂದು ತೊಲೆಯ ಮೇಲೆ 10 ಟನ್ ಭಾರ ಬೀಳುವುದೆಂದು ಇಟ್ಟುಕೊಳ್ಳಿರಿ. ಹಳೆಯ ಕ್ರಮದಲ್ಲಿ ಭಾರವನ್ನು 10 ಟನ್ನೆಂದೇ ಎಣಿಸಿ, ಕಬ್ಬಿಣದ ಕಂಬಿಯ ಬಲದಲ್ಲಿ ಅರ್ಧಕ್ಕಿಂತ ತುಸು ಹೆಚ್ಚನ್ನು ಮಾತ್ರ ನೆಚ್ಚುವರು. ಹೊಸ ಕ್ರಮದಲ್ಲಿ ಭಾರವನ್ನು ಒಂದೂವರೆ ಪಟ್ಟು ಮಾಡಿ 15 ಟನ್ನೆಂದು ಎಣಿಸಿ, ಕಂಬಿಯ ಬಲವನ್ನು ಬಹುಮಟ್ಟಿಗೆ ಪೂರ್ತಿಯಾಗಿ ನೆಚ್ಚುವರು. ಎರಡೂ ಸರಿಯೇ. ಆದರೆ ಹಳೆಯ ಕ್ರಮದ ಭಾರವನ್ನೂ ಹೊಸ ಕ್ರಮದ ಬಲವನ್ನೂ ಕೂಡಿಸಿದರೆ ಭದ್ರತೆಗೆಂದು ಇಟ್ಟ ಅಂಶವೇ ಮಾಯವಾಗುವುದು. ಹಿಂದಿನ ಕೆಲಸದ ಕಡತವನ್ನು ಗಣಕಯಂತ್ರದಲ್ಲಿ ನಕಲು ಮಾಡಿ, ಅದರೊಳಗೆ ನಿಯಮದ ಹೆಸರನ್ನು ಮಾತ್ರ ಬದಲಿಸುವವನಿಂದ ಇಂಥ ಬೆರಕೆಯು ಸುಲಭವಾಗಿ ನಡೆಯಬಹುದು. ಉತ್ತರವಾದರೋ ದಶಮಾಂಶಗಳ ಸಹಿತ ಅಂದವಾಗಿ ಅಚ್ಚಾಗಿ ಬರುವುದು!

ಇನ್ನು ಯಂತ್ರದ ವಿಷಯ. ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಒಂದು ದೊಡ್ಡ ಕ್ರೀಡಾಮಂದಿರವಿತ್ತು. ಅದರ ಉಕ್ಕಿನ ಚಾವಣಿಯನ್ನು ಗಣಕಯಂತ್ರದ ಲೆಕ್ಕದಿಂದ ರಚಿಸಿದ್ದರು. ಕಟ್ಟುವ ಕಾಲದಲ್ಲಿ ಅಳೆದಾಗ ಚಾವಣಿಯು ಲೆಕ್ಕದಲ್ಲಿ ಕಂಡದ್ದಕ್ಕಿಂತ ಇಮ್ಮಡಿಯಾಗಿ ಬಾಗಿತ್ತು. ಲೆಕ್ಕಕ್ಕೂ ನಿಜಕ್ಕೂ ಇಷ್ಟು ಭೇದ ಸಹಜವೆಂದು ಅದನ್ನು ಕಡೆಗಣಿಸಿದರು. 1978ನೆಯ ಜನವರಿ 18ರಂದು, ಸುಮಾರು 5,000 ಜನರು ಆಟ ನೋಡಿ ಹೋದ ಕೆಲವೇ ತಾಸುಗಳ ತರುವಾಯ, ಹಿಮದ ಭಾರಕ್ಕೆ ಆ 1,400 ಟನ್ನಿನ ಚಾವಣಿಯು ನೆಲಕ್ಕೆ ಕುಸಿಯಿತು. ದೇವರ ದಯೆಯಿಂದ ಒಬ್ಬರಿಗೂ ಪ್ರಾಣಹಾನಿಯಾಗಲಿಲ್ಲ.

ಕಾರಣವೇನು? ನಿಮ್ಮ ಮಕ್ಕಳ ತೆಳ್ಳನೆಯ ಅಡಿಕೋಲನ್ನು ಎರಡು ತುದಿಗಳಿಂದ ಒತ್ತಿರಿ. ಅದು ಪಕ್ಕಕ್ಕೆ ಬಾಗುವುದು. ನಡುವೆ ಬಾಗದಂತೆ ಹಿಡಿದರೆ ಸುಮಾರು ನಾಲ್ಕರಷ್ಟು ಒತ್ತಡವನ್ನು ತಾಳುವುದು. ಚಾವಣಿಯ ಮೇಲಣ ಸರಳುಗಳಿಗೆ ನಡುವೆ ಆಧಾರವಿದೆಯೆಂದು ಯಂತ್ರಕ್ಕೆ ತಿಳಿಸಲಾಗಿತ್ತು. ನಿಜವಾಗಿ ಅನೇಕ ಸರಳುಗಳಿಗೆ ತಕ್ಕ ಆಧಾರವಿರಲಿಲ್ಲ. ಚಾವಣಿಯ ಸ್ವಂತ ತೂಕವನ್ನೂ ಕಡಿಮೆಯಾಗಿ ಎಣಿಸಿದ್ದರು. ಯಂತ್ರವು ಕೊಟ್ಟ ಲೆಕ್ಕವನ್ನು ಮಾಡಿತೇ ಹೊರತು, ಕೊಟ್ಟದ್ದು ನಿಜವೋ ಎಂದು ಕೇಳಲಿಲ್ಲ.

ನಾರ್ವೆ ದೇಶದಲ್ಲಿಯೂ ಹೀಗೆಯೇ ಆಯಿತು. 1991ನೆಯ ಆಗಸ್ಟ್ 23ರಂದು ಸ್ಲೈಪ್ನರ್ ಎಂಬ ಸಮುದ್ರದ ಅನಿಲಸ್ಥಾವರದ ಕಾಂಕ್ರೀಟು ಬುಡವು ಪರೀಕ್ಷೆಯ ಸಮಯದಲ್ಲಿ ಒಡೆದು ಮುಳುಗಿಹೋಯಿತು. ಕಾಂಕ್ರೀಟನ್ನು ಕತ್ತರಿಸುವಂತೆ ಎಳೆಯುವ ಬಲವನ್ನು ಗಣಕಯಂತ್ರದ ಲೆಕ್ಕವು ಸೇಕಡಾ 47ರಷ್ಟು ಕಡಿಮೆಯಾಗಿ ತೋರಿಸಿತ್ತು. ರಚನೆಯನ್ನು ಲೆಕ್ಕಕ್ಕಾಗಿ ಸಣ್ಣ ಭಾಗಗಳಾಗಿ ವಿಂಗಡಿಸಿದ ರೀತಿಯು ಒರಟಾಗಿದ್ದುದೇ ಇದಕ್ಕೆ ಕಾರಣವು.

ಇದರಿಂದ ಯಂತ್ರವನ್ನು ತ್ಯಜಿಸಬೇಕೆಂದಾಗಲಿ, ನಿಯಮಗಳು ಬದಲಾಗಬಾರದೆಂದಾಗಲಿ ನಾನು ಹೇಳುವುದಿಲ್ಲ. ಜ್ಞಾನವು ಬೆಳೆದಂತೆ ನಿಯಮವು ತಿದ್ದಲ್ಪಡುವುದೇ ಯುಕ್ತ. ಆದರೆ ಬೆಂಗಾವಲಾಗಿ ಮೂರು ಅಭ್ಯಾಸಗಳಿರಲಿ. ಯಾವ ನಿಯಮದಿಂದ, ಯಾವ ವರ್ಷದ ಪ್ರತಿಯಿಂದ ಲೆಕ್ಕ ಮಾಡಿದೆವೆಂಬುದನ್ನು ಮೊದಲ ಪುಟದಲ್ಲಿಯೇ ಬರೆಯುವುದು. ಯಂತ್ರದ ಉತ್ತರವನ್ನು ನೋಡುವ ಮುಂಚೆ ಕಾಗದದ ಮೇಲೆ ಸ್ಥೂಲವಾಗಿ ಅಂದಾಜು ಮಾಡುವುದು. ಲೆಕ್ಕಕ್ಕೂ ಕಣ್ಣಿಗೆ ಕಾಣುವುದಕ್ಕೂ ಭೇದವುಂಟಾದರೆ ಕೆಲಸವನ್ನು ನಿಲ್ಲಿಸಿ ವಿಚಾರಿಸುವುದು. ಮನೆ ಕಟ್ಟಿಸುವ ತಂದೆತಾಯಿಗಳೂ ಈ ಮೂರನ್ನು ತಮ್ಮ ಎಂಜಿನಿಯರರಲ್ಲಿ ಸಂಕೋಚವಿಲ್ಲದೆ ಕೇಳಬಹುದು.

ಉತ್ತರವನ್ನು ತಾಳೆ ನೋಡದೆ ಹಲಗೆಯನ್ನು ಒಪ್ಪಿಸಬಾರದೆಂದು ಕೆಳಗಿನ ತರಗತಿಗಳಲ್ಲಿ ನಾವು ಕಲಿಸುವುದು ಬರಿಯ ಅಂಕಗಳಿಗಾಗಿ ಅಲ್ಲ. ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ತಾಳೆಯನ್ನು ನೆಚ್ಚಿ ಒಂದು ಮಾಳಿಗೆಯ ಕೆಳಗೆ ಎಷ್ಟೋ ಮಕ್ಕಳು ನಿಶ್ಚಿಂತೆಯಿಂದ ನಿದ್ರಿಸುವರು.